ಸುಮ್ಮನೆ ನಡೆಯಲು ಹೊರಟವನು

ಗುರುಪಾದಸ್ವಾಮಿ ಶೂ ಕೊಂಡದ್ದೇ ಎಲ್ಲಕ್ಕೂ ಮೂಲ.

ಕೊಂಡವನು ಅದನ್ನು ಡಬ್ಬದಲ್ಲೇ ಇಟ್ಟಿದ್ದರೂ ಆಗುತ್ತಿತ್ತು. ಹೊಸ ಶೂ ಕಚ್ಚುತ್ತದೆ, ಒಂದು ದಿನ ಮೊದಲೇ ಹಾಕಿ ಪಳಗಿಸಬೇಕು ಎಂದು ಯಾರೋ ಹೇಳಿದ್ದರು. ಹಾಗಾಗಿ ಶನಿವಾರ ಬೆಳಿಗ್ಗೆ ವಠಾರ ಏಳುವ ಮೊದಲೇ ಅಂಗಳಕ್ಕೆ ಇಳಿದು, ಕೊಳಾಯಿಯಿಂದ ನುಗ್ಗೆಮರಕ್ಕೆ, ನುಗ್ಗೆಮರದಿಂದ ಕೊಳಾಯಿಗೆ, ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತಿನ ಹಾಗೆ ಕಾಲೆತ್ತಿ ಎತ್ತಿ ಇಡುತ್ತಿದ್ದ.

ಕೊಳ್ಳೇಗಾಲದ ಆ ವಠಾರದಲ್ಲಿ ಐದು ಮನೆ, ಒಂದು ಕೊಳಾಯಿ, ಒಂದೇ ಕಿವಿ. ಆ ಕಿವಿ ಕೆಂಪಾಜಮ್ಮನದು. ಬೆಳಿಗ್ಗೆ ಯಾರ ಮನೆಯ ಅಗುಳಿ ಸರಿದರೂ ಆಕೆ ಹೊರಗೆ ಬಂದಿರುತ್ತಿದ್ದಳು.

"ಯಾಕಪ್ಪಾ ಗುರು, ಕಾಲ್ಗೆ ಏನಾತು?"

"ಏನೂ ಇಲ್ಲ ಅಜ್ಜಿ. ನಾಳೆ ನಾನೂ ಇವ್ಳೂ ಕಾಡಲ್ಲಿ ನಡಿಯಕ್ಕೆ ಹೋಗ್ತಿದೀವಿ. ಅದ್ಕೆ."

"ನಡಿಯಕ್ಕಾ? ಬಸ್ಸು ಸಿಗ್ನಿಲ್ವಾ?"

"ಬಸ್ಸು ಅದೆ ಅಜ್ಜಿ. ನಡಿಯೋದಕ್ಕೇ ಹೋಗೋದು."

"ಯಾವ ದೇವ್ರಿಗೆ?"

"ಯಾವ ದೇವ್ರಿಗೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು. ಸುಮ್ನೆ ನೋಡ್ಕಂಡು ಬರಣ ಅಂತ."

ಕೆಂಪಾಜಮ್ಮ ಅವನ ಮುಖವನ್ನೊಮ್ಮೆ, ಶೂವನ್ನೊಮ್ಮೆ ನೋಡಿದಳು. ಈ ಕಡೆಯ ಜನ ನಡೆಯುವುದಿಲ್ಲ ಎಂದಲ್ಲ. ಬಸ್ಸು ತಪ್ಪಿದರೆ ನಡೆಯುತ್ತಾರೆ, ದನ ತಪ್ಪಿಸಿಕೊಂಡರೆ ನಡೆಯುತ್ತಾರೆ, ಮಾದಪ್ಪನಿಗೆ ಹರಕೆ ಹೊತ್ತರೆ ತಾಳುಬೆಟ್ಟದಿಂದ ಮಹದೇಶ್ವರ ಬೆಟ್ಟದವರೆಗೆ ಬರಿಗಾಲಲ್ಲಿ ಕಾಡು ಹತ್ತಿ ನಡೆಯುತ್ತಾರೆ. ಸುಮ್ಮನೆ ನಡೆದವರನ್ನು ಮಾತ್ರ ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅವ್ಳು ಕರೆದ್ಲಾ, ನೀನೇ ಕರ್ದ್ಯಾ?"

"ನಾನೇ ಕರ್ದೆ."

"ನಿನ್ ಬಾಯಿಂದ್ಲೇ?"

"ಇನ್ಯಾರ ಬಾಯಿಂದ ಅಜ್ಜಿ ಕರೀಲಿ?"

"ಉಘೇ ಮಾದಪ್ಪ," ಎಂದು ಕೆಂಪಾಜಮ್ಮ ಮಹದೇಶ್ವರ ಬೆಟ್ಟದ ದಿಕ್ಕಿಗೆ ಕೈಮುಗಿದವಳೇ, ಕೊಡವನ್ನು ಕೊಳಾಯಿಯ ಕೆಳಗೇ ಬಿಟ್ಟು ಗುರುಪಾದಸ್ವಾಮಿಯ ಮನೆಯೊಳಕ್ಕೆ ನುಗ್ಗಿದಳು. ಮುದುಕಿಗೆ ಅರ್ಥವಾಗಲಿಲ್ಲ, ಪಾಪ, ಎಂದುಕೊಂಡು ಅವನು ಅಂಗಡಿಗೆ ಹೊರಟ.

ಅವನ ಉತ್ಸಾಹಕ್ಕೆ ಕಾರಣವಿತ್ತು. ಅವನು ಪೇಟೆಯ ರೇಷ್ಮೆ ಸೀರೆ ಅಂಗಡಿಯಲ್ಲಿ ಮಾರಾಟಗಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚುವುದು, ಗಿರಾಕಿ 'ಇನ್ನೊಂದ್ ಕಡೆ ನೋಡ್ಕ ಬತ್ತೀವಿ' ಎಂದು ಎದ್ದ ಮೇಲೆ ಮಡಿಸುವುದು. ಹೆಂಡತಿ ಶಿವರಂಜನಿ ಮಾಂಬಳ್ಳಿಯವಳು. ಮದುವೆಯಾಗಿ ಮೂರು ವರ್ಷ ಕಳೆದರೂ ಅವಳ ಜೊತೆ ಒಂದು ಮಾತನ್ನು ಶುರುವಿನಿಂದ ಕೊನೆಯವರೆಗೆ ಆಡಿದ ನೆನಪು ಅವನಿಗಿರಲಿಲ್ಲ. 'ರಂಜನಿ, ನಿನ್ ಕಣ್ಣು' ಎಂದು ಶುರುಮಾಡಿದರೆ ಗೋಡೆಯಾಚೆಯಿಂದ ಲಗೇಜ್ ಟೆಂಪೋ ಓಡಿಸುವ ಚಿನ್ನಸ್ವಾಮಿ, 'ಕಣ್ಗೇನಾಯ್ತು ಸ್ವಾಮಣ್ಣ? ನಮ್ಮನೇಲಿ ಡ್ರಾಪ್ಸ್ ಅದೆ, ಕಳುಸ್ಲಾ?' ಎನ್ನುತ್ತಿದ್ದ. ಕಣ್ಣಿನ ಮಾತು ಡ್ರಾಪ್ಸಿಗೇ ಮುಗಿಯುತ್ತಿತ್ತು.

ಇಂಥವನ ಮುಂದೆ ಹೋದ ವಾರ ಮಗಳ ಮದುವೆಯ ಸೀರೆಗೆಂದು ಬೆಟ್ಟದ ಜಡಯ್ಯ ಬಂದು ಕೂತಿದ್ದ. ಇಲಾಖೆಯ ಒಪ್ಪಿಗೆ ಪಡೆದು ಬಂದವರನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವುದು ಜಡಯ್ಯನ ಕೆಲಸ.

"ಒತ್ತಾರೆ ಮಂಜು ಇರ್ತದೆ ಸಾ. ಸಂಪಿಗೆ ಮರದ ಬುಡದಲ್ಲಿ ಬುತ್ತಿ ಬಿಚ್ಚಬೋದು. ಅದೃಷ್ಟ ಇದ್ರೆ ಕಾಟಿ, ಅದೇ ಕಾಡೆಮ್ಮೆ, ಕಾಣ್ತದೆ."

"ಜನ ಇರ್ತಾರಾ?"

"ಜನ ಎಲ್ಲಿಂದ ಬತ್ತಾರೆ ಸಾ? ಮುಂದೆ ನಾನು, ಇಂದೆ ನೀವಿಬ್ರು. ಗಟ್ಟಿ ಮಾತಾಡಂಗಿಲ್ಲ, ಅಷ್ಟೆ."

"ಪಿಸುಮಾತು?"

"ಪಿಸುಮಾತು ಪರ್ವಾಗಿಲ್ಲ."

ಗುರುಪಾದಸ್ವಾಮಿಗೆ ಬೇಕಾಗಿದ್ದದ್ದು ಅಷ್ಟೇ. ಶುಕ್ರವಾರ ಸಂಜೆ ಹೆಂಡತಿಯ ಕಿವಿಯಲ್ಲಿ ಉಸುರಿದಾಗ ಅವಳು 'ನಿಜವಾಗ್ಲೂ? ನಾನು ಕೇಳ್ದೇನೇ?' ಎಂದು ಬೆರಗಿನಿಂದ ಮತ್ತೆ ಮತ್ತೆ ಕೇಳಿದ್ದಳು. ಅವಳ ಕಣ್ಣು ತುಂಬಿದ್ದು ಕಂಡು ಇವನ ಎದೆ, ಬಿಸಿ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತ್ತು.

ಅಂಗಡಿಯಲ್ಲಿ ಲೊಕ್ಕನಹಳ್ಳಿಯಿಂದ ಬಂದ ಮದುಮಗಳ ತಾಯಿಯೊಬ್ಬಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಹೂರ್ತದ ಸೀರೆಗೆ ಚೌಕಾಸಿ ನಡೆಸಿದ್ದಳು. ಗುರುಪಾದಸ್ವಾಮಿ ಸೆರಗು ಹೊದ್ದು ತೋರಿಸುತ್ತಿದ್ದ. ಆಗ ಚಿನ್ನಸ್ವಾಮಿ ಬಾಗಿಲಲ್ಲಿ ಪ್ರತ್ಯಕ್ಷನಾದ.

"ಸ್ವಾಮಣ್ಣ, ಟೆಂಪೋ ರೆಡಿ. ನೀನೇನೂ ಯೋಚ್ನೆ ಮಾಡ್ಬೇಡ."

"ಯಾವ ಟೆಂಪೋ?"

"ನಮ್ದೇ ಕಣಣ್ಣ. ಸಂಜೆ ಒಂಟ್ರೆ ರಾತ್ರಿಗೆ ತಾಳುಬೆಟ್ಟ. ಬೆಳ್ಕರಿತಿದ್ದಂಗೆ ನಡಿಗೆ. ಮಧ್ಯಾನಕ್ಕೆ ಮ್ಯಾಲೆ ಪರ. ವಠಾರದೋರೆಲ್ಲ ಬತ್ತಾವ್ರೆ."

ಪರ ಎಂದರೆ ಮಾದಪ್ಪನ ಹೆಸರಲ್ಲಿ ಬೆಟ್ಟದ ಮೇಲೆ ಒಲೆ ಹೂಡಿ, ಬಂದವರಿಗೆಲ್ಲ ಉಣ್ಣಲು ಬಡಿಸುವ ಸೇವೆ. ಸೆರಗು ಹೊದ್ದುಕೊಂಡೇ ಗುರುಪಾದಸ್ವಾಮಿ ಎದ್ದು ನಿಂತ.

"ಲೋ, ನಾನು ಹರಕೆ ಗಿರಕೆ ಏನೂ ಹೊತ್ತಿಲ್ಲ ಕಣೋ. ಕೆಂಪಾಜಮ್ಮ ತಪ್ಪು ತಿಳ್ಕಂಡವ್ರೆ. ನಾವಿಬ್ರೂ ಸುಮ್ನೆ ಕಾಡು ನೋಡಕ್ಕೆ—"

"ಗೊತ್ತು ಬುಡಣ್ಣ." ಚಿನ್ನಸ್ವಾಮಿ ಕಣ್ಣು ಮಿಟುಕಿಸಿದ. "ಎಲ್ಲಾ ಗೊತ್ತು ನಮ್ಗೆ."

ಚೌಕಾಸಿ ಮಾಡುತ್ತಿದ್ದ ಹೆಂಗಸು ಸೀರೆ ಕೆಳಗಿಟ್ಟಳು. "ಬೆಟ್ಟಕ್ಕೆ ನಡ್ಕಂಡು ಓಯ್ತಿದ್ದೀರಾ ಅಣ್ಣ? ನಮ್ಮದೂ ಒಂದು ಕಾಯಿ ಒಡಸ್ಬುಡಿ. ಈ ಸತಿ ಆನೆ ನಮ್ಮ ಜೋಳದ ಒಲಕ್ಕೆ ಬರದಂಗೆ ನೋಡ್ಕಳಪ್ಪ ಅಂತ ಮಾದಪ್ಪಂಗೆ ಒಂದ್ ಮಾತು ಯೋಳಿ. ಲೇ ಮಗ, ಅಣ್ಣನ ಕಾಲಿಗೆ ಬೀಳವ್ವ."

ಮದುಮಗಳು ಬಿದ್ದೇಬಿಟ್ಟಳು. ಮೈಮೇಲೆ ಜರಿ ಸೀರೆ ಹೊದ್ದು, ಕಾಲ ಬಳಿ ಹುಡುಗಿಯನ್ನಿಟ್ಟುಕೊಂಡು ನಿಂತಿದ್ದ ಗುರುಪಾದಸ್ವಾಮಿ ಥೇಟು ಉತ್ಸವ ಮೂರ್ತಿಯ ಹಾಗಿದ್ದ. ಆ ಹೊತ್ತಿಗೇ ಮಾಲೀಕ ಸದಾಶಿವಪ್ಪನವರು ಒಳಗಿನಿಂದ ಬಂದರು.

ಇಲ್ಲಿ ಒಂದು ಮಾತು ಹೇಳಬೇಕು. ಭಾನುವಾರದ ರಜೆಯನ್ನು ಗುರುಪಾದಸ್ವಾಮಿ ಕೇಳಿದ್ದು ಮಾವನ ಮನೆಯಲ್ಲಿ ನಾಮಕರಣ ಎಂದು. ಮದುವೆ ಸೀಸನ್ನಿನಲ್ಲಿ ಕಾಡು ನೋಡಲು ರಜೆ ಎಂದಿದ್ದರೆ ಸದಾಶಿವಪ್ಪನವರು ಖಾಯಂ ರಜೆಯನ್ನೇ ಕೊಡುತ್ತಿದ್ದರು.

"ಏನಯ್ಯಾ ಗುರುಪಾದ, ನಾಮಕರಣ ಅಂದಿದ್ದೆ?"

"ಅದು... ಸಾ..."

"ಮಾದಪ್ಪನ ಕೆಲಸಕ್ಕೆ ಹೋಗೋನು ಸುಳ್ಳು ಯಾಕಯ್ಯಾ ಹೇಳ್ಬೇಕು? ನಾನೇನು ಬೇಡ ಅಂತಿದ್ನಾ?" ಸದಾಶಿವಪ್ಪನವರ ಕಣ್ಣಲ್ಲಿ ನೀರು ಬಂತು. "ನಮ್ಮಪ್ಪ ವರ್ಷ ವರ್ಷ ನಡೀತಿದ್ರು. ನನಗೆ ಹೊಟ್ಟೆ ಬಂದ್ಮೇಲೆ ಬಿಟ್ಟೋಯ್ತು. ನಾಳೆ ನಾನೂ ಬತ್ತೀನಿ. ಪರಕ್ಕೆ ಅಕ್ಕಿ ನಂದು. ಬಾಗ್ಲಲ್ಲಿ ಬಿಟ್ಟಿದೀಯಲ್ಲ ಆ ಶೂ, ಅದನ್ನ ಮತ್ತೆ ಮುಟ್ಬೇಡ, ಹರಕೆಯೋನು ಇವತ್ತಿಂದ್ಲೇ ಬರಿಗಾಲಲ್ಲಿರಬೇಕು."

ಶೂ ಹೋಯಿತು. ಆಗ ಜಡಯ್ಯನ ಫೋನು ಬಂತು.

"ಸಾ, ನಾಳೆ ಬತ್ತೀರಲ್ವಾ? ಸೆಂಟು ಆಕಬ್ಯಾಡಿ, ಬಣ್ಣದ ಬಟ್ಟೆ ಬ್ಯಾಡ. ಇಬ್ರೇ ತಾನೆ?"

"ಇಬ್ರೇ ಜಡಯ್ಯ, ಇಬ್ರೇ."

"ಮೂವತ್ತಾಯ್ತು ಕಣಣ್ಣಾ," ಎಂದು ಹಿಂದಿನಿಂದ ಚಿನ್ನಸ್ವಾಮಿ ಕೂಗಿದ. "ತಮಟೆಯೋರ್ನೂ ಸೇರುಸ್ಲಾ?"

"ಸಾ, ಏನೋ ತಮಟೆ ಅಂದಂಗಾಯ್ತು?"

"ಅದು ಟೀವಿ ಜಡಯ್ಯ."

ಮಧ್ಯಾಹ್ನ ಹೆಂಡತಿಗೆ ಎಷ್ಟು ಸಲ ಫೋನು ಮಾಡಿದರೂ ಬಿಜಿ. ಅವಳೂ ಮನೆಯಲ್ಲಿ ಒಬ್ಬೊಬ್ಬರಿಗೇ ತಿಳಿಸಿ ಹೇಳಿ ಇದನ್ನೆಲ್ಲ ತಡೆಯುತ್ತಿರಬೇಕು ಎಂದು ಅವನು ಮರುಗಿದ. ಕೊನೆಗೊಮ್ಮೆ ಸಿಕ್ಕಳು.

"ರಂಜನಿ, ನೀನೇನೂ ಹೆದರ್ಬೇಡ. ನಾನು ಹೆಂಗಾದ್ರೂ—"

"ಮನೆ ತುಂಬ ಜನ ಅವ್ರೆ ಕಣ್ರಿ, ಬನ್ನಿ ಹೇಳ್ತೀನಿ," ಎಂದು ಇಟ್ಟಳು. ಮೂರು ವರ್ಷದಿಂದ ಅವಳು ಅವನಿಗೆ ಹೇಳುತ್ತ ಬಂದದ್ದು ಈ ಒಂದೇ ವಾಕ್ಯ.

ಸಂಜೆ ಬರಿಗಾಲಲ್ಲಿ ಮನೆಗೆ ಬಂದರೆ ಅಂಗಳ ಗುರುತೇ ಸಿಗಲಿಲ್ಲ. ಟೆಂಪೋಗೆ ಮಾವಿನ ಸೊಪ್ಪು, ಕೋಲಿಗೆ ಹಳದಿ ಬಟ್ಟೆ. ಒಂದು ಹಂಡೆಯ ಒಳಗೆ ಇನ್ನೊಂದು, ಅದರೊಳಗೆ ಸೌಟು. ಧೂಪದ ಹೊಗೆಯಲ್ಲಿ ಸದಾಶಿವಪ್ಪನವರು ಅಕ್ಕಿಮೂಟೆಯ ಮೇಲೆ ಕೂತು ಚಿಕ್ಕ ಹುಡುಗನಂತೆ ಕಾಲು ಅಲ್ಲಾಡಿಸುತ್ತಿದ್ದರು. ಗುರುಪಾದಸ್ವಾಮಿಯನ್ನು ಕಂಡೊಡನೆ ಎಲ್ಲರೂ "ಉಘೇ ಉಘೇ" ಎಂದರು. ಒಬ್ಬಳು ಎಳ್ಳೆಣ್ಣೆಯ ಬಾಟಲಿ ಕೊಟ್ಟಳು, ಇನ್ನೊಬ್ಬಳು ಮುಡಿಪಿನ ಗಂಟು ಕೊಟ್ಟಳು, ಮತ್ತೊಬ್ಬಳು ಅಳುವ ಮಗುವನ್ನೇ ಕೊಟ್ಟು ಹಿಂದಕ್ಕೆ ಇಸಿದುಕೊಳ್ಳಲು ಮರೆತಳು.

ಮಗುವನ್ನು ಎತ್ತಿಕೊಂಡು ನಿಂತಿದ್ದಾಗಲೇ ಅವನಿಗೆ ಉಪಾಯ ಹೊಳೆದದ್ದು. ಎಂಥ ಉಪಾಯವೆಂದರೆ ಅವನಿಗೇ ಮೈ ಜುಮ್ಮೆಂದಿತು. ಕಾಲು ಉಳುಕಿತು ಎಂದುಬಿಡುವುದು. ಉಳುಕಿದವನನ್ನು ಯಾರೂ ನಡೆಸುವುದಿಲ್ಲ. ಗಂಡನನ್ನು ನೋಡಿಕೊಳ್ಳಲು ಹೆಂಡತಿ ಉಳಿಯಲೇಬೇಕು. ಟೆಂಪೋ ಹನೂರಿನ ಕಡೆ ಹೊರಟ ಮೇಲೆ ವಠಾರ ಖಾಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಯಳಂದೂರು, ಅಲ್ಲಿಂದ ಬೆಟ್ಟ, ಸಂಪಿಗೆ ಮರ, ಪಿಸುಮಾತು.

ಮಗುವನ್ನು ಚಿನ್ನಸ್ವಾಮಿಗೆ ದಾಟಿಸಿ, ಹೊಸ್ತಿಲ ಬಳಿ "ಅಯ್ಯಪ್ಪಾ" ಎಂದು ಕುಸಿದ.

"ಉಳುಕಾ? ಸರೀರಿ ಅತ್ಲಾಗೆ," ಎಂದು ಕೆಂಪಾಜಮ್ಮ ಸೆರಗು ಸಿಕ್ಕಿಸಿ ಬಂದಳು. ಉಳುಕು ತೆಗೆಯುವುದರಲ್ಲಿ ಆಕೆಗೆ ಹೆಸರಿತ್ತು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಸವರಿ ಒತ್ತಿದಳು. "ಇಲ್ಲಿ ನೋಯ್ತದಾ?"

"ಹೂಂ ಅಜ್ಜಿ."

"ಇಲ್ಲಿ?"

"ಅಲ್ಲೂ."

ಎಲ್ಲ ಕಡೆ ನೋಯುವ ಉಳುಕನ್ನು ಕೆಂಪಾಜಮ್ಮ ಅದೇ ಮೊದಲು ಕಂಡದ್ದು. ಬಲವಾದ ಉಳುಕೇ ಇರಬೇಕೆಂದು ಅವಳೂ ಬಲವಾಗಿಯೇ ಹಿಡಿದು, ಬಾವಿಯಿಂದ ಕೊಡ ಸೇದುವಂತೆ ಒಮ್ಮೆ ಜಗ್ಗಿದಳು. ಒಣಗಿದ ತೊಗರಿಕಡ್ಡಿ ಮುರಿದ ಸದ್ದಾಯಿತು. ಗುರುಪಾದಸ್ವಾಮಿ ಈ ಸಲ ಕೂಗಿದ್ದು ನಟನೆಯಾಗಿರಲಿಲ್ಲ. ಪಾದ ನೋಡನೋಡುತ್ತಲೇ ಬನ್ನಿನಂತೆ ಊದಿತು.

"ನೋಡುದ್ರಾ, ಒಳಗಿದ್ದ ಉಳುಕು ಈಚೆಗೆ ಬಂತು," ಎಂದಳು ಕೆಂಪಾಜಮ್ಮ.

ಕಣ್ಣಲ್ಲಿ ನೀರು ತುಂಬಿದ್ದರೂ ಗುರುಪಾದಸ್ವಾಮಿ ಒಳಗೊಳಗೇ ಗೆದ್ದಿದ್ದ. ಕುಂಟಿಕೊಂಡಾದರೂ ಕಾಡಿಗೆ ಹೋದೇನು. "ನನ್ನಿಂದ ಎಲ್ಲರಿಗೂ ತೊಂದ್ರೆ ಬೇಡ. ನೀವೆಲ್ಲ ಹೋಗ್ಬನ್ನಿ. ನಾನೂ ರಂಜನಿನೂ ಇಲ್ಲೇ ಇದ್ದು ಕೈಮುಗೀತೀವಿ," ಎಂದು ನರಳಿ, ಬಾಗಿಲಲ್ಲಿ ನಿಂತ ಹೆಂಡತಿಗೆ ಯಾರಿಗೂ ಕಾಣದ ಹಾಗೆ ಹುಬ್ಬು ಹಾರಿಸಿದ.

ಶಿವರಂಜನಿ ತಲೆಗೆ ನೀರು ಹಾಕಿಕೊಂಡು ಹಳದಿ ಸೀರೆ ಉಟ್ಟಿದ್ದಳು. ಬರಿಗಾಲು. ಕೈಯಲ್ಲಿ ಕಾಯಿ.

"ನೀವು ಮಲಗಿರಿ. ಅಜ್ಜಿ ಇಲ್ಲೇ ಉಳ್ಕಂಡು ನಿಮ್ಮನ್ನ ನೋಡ್ಕತಾರೆ. ನಾನು ಹೋಗ್ಬತ್ತೀನಿ."

"ನೀನಾ? ನೀನ್ಯಾಕೆ?"

"ಹರಕೆ ನಂದಲ್ವಾ."

ಗುರುಪಾದಸ್ವಾಮಿ ಊದಿದ ಕಾಲನ್ನೂ ಮರೆತು ಎದ್ದು ಕೂತ. "ಯಾವ ಹರಕೆ?"

ಅವಳು ನಾಚಿ ಕಾಯಿಯ ಜುಟ್ಟು ತಿರುವಿದಳು. ಕೆಂಪಾಜಮ್ಮನೇ ಹೇಳಿದಳು.

"ಮದ್ವೆ ಆದ ವರ್ಸ್ವೇ ಕಟ್ಕಂಡಿದ್ಲು ಕಣಪ್ಪ, ನಾನೇ ಕಟ್ಟಿಸ್ದೆ. 'ನಾನು ಕೇಳ್ದೇನೇ ನನ್ ಗಂಡ ತನ್ ಬಾಯಿಂದ್ಲೇ ಬಾ ಎಲ್ಲಿಗಾದ್ರೂ ಓಗಣ ಅಂದ್ಬುಟ್ರೆ, ಮೊದ್ಲು ನಿನ್ ಬೆಟ್ಟಕ್ಕೆ ನಡ್ಕಂಡು ಬಂದು ಪರ ಮಾಡುಸ್ತೀನಿ, ಆಮೇಲೇ ಬೇರೆ ಕಡೆ ಎಜ್ಜೆ ಇಡದು' ಅಂತ. ನಿನ್ನೆ ನೀನು ಅಂದ್ಬುಟ್ಟೆ."

"ನನಗೊಂದು ಮಾತು ಹೇಳಬಾರದಿತ್ತಾ ರಂಜನಿ?"

"ಯಾವಾಗ ಹೇಳ್ಲಿ?" ಎಂದಳು ಶಿವರಂಜನಿ, ಮೆಲ್ಲಗೆ.

"ಅದೂ ನಿಜಾನೇ ಸ್ವಾಮಣ್ಣ," ಎಂದ ಚಿನ್ನಸ್ವಾಮಿ. "ನಿಮ್ಮನೇಲಿ ನೀವು ಮಾತಾಡದು ನಾನಂತೂ ಕೇಳೇ ಇಲ್ಲ."

ಟೆಂಪೋ ಹೊರಟಿತು. ಸದಾಶಿವಪ್ಪನವರ ಪಕ್ಕದಲ್ಲಿ ಅಕ್ಕಿಮೂಟೆಗೆ ಒರಗಿ ನಿಂತ ಶಿವರಂಜನಿಯ ಮುಖ, ಆಗ ತಾನೇ ಬೆಳಗಿದ ಹಿತ್ತಾಳೆ ದೀಪದಂತೆ ಹೊಳೆಯುತ್ತಿತ್ತು. ಅವಳು ಕೈಬೀಸುತ್ತ ಏನೋ ಕೂಗಿ ಹೇಳಿದಳು. ತಮಟೆಯ ಸದ್ದಿನಲ್ಲಿ ಕೇಳಲಿಲ್ಲ.

ಮೂರು ವರ್ಷದಲ್ಲಿ ಮೊದಲ ಸಲ ವಠಾರ ಖಾಲಿಯಾಗಿತ್ತು. ಯಾವ ಗೋಡೆಯ ಆಚೆಯೂ ಉಸಿರಿಲ್ಲ. ಎಷ್ಟು ಗಟ್ಟಿಯಾಗಿ ಏನು ಬೇಕಾದರೂ ಮಾತಾಡಬಹುದಿತ್ತು, ಕೆಂಪಾಜಮ್ಮನ ಜೊತೆ.

ಗುರುಪಾದಸ್ವಾಮಿ ಜಡಯ್ಯನಿಗೆ ಫೋನು ಮಾಡಿ, ಈ ಭಾನುವಾರ ಬೇಡ, ಕಾಲು ವಾಸಿಯಾದ ತಕ್ಷಣ ಬರುತ್ತೇವೆ, ಇಬ್ಬರೇ, ಎಂದು ಹೇಳಿದ. ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಹರಕೆ ನಾಳೆಗೆ ತೀರುತ್ತದೆ. ಆಮೇಲೆ ತಡೆಯುವವರು ಯಾರು?

ಮೂಲೆಯಲ್ಲಿ ಕೆಂಪಾಜಮ್ಮ ದೇವರ ಪಟದ ಮುಂದೆ ಕೂತು ಹಳದಿ ಬಟ್ಟೆಯ ತುಂಡಿಗೆ ಒಂದು ನಾಣ್ಯ ಹಾಕಿ ಗಂಟು ಬಿಗಿಯುತ್ತಿದ್ದಳು.

"ಏನಜ್ಜಿ ಅದು?"

"ನಿನ್ ಕಾಲ್ಗೇ ಕಣಪ್ಪ. ವಾಸಿ ಆದ ಕೂಡ್ಲೇ ಗಂಡ ಎಂಡ್ತಿ ಇಬ್ರೂ ಬರಿಗಾಲಲ್ಲಿ ನಡ್ಕಂಡು ಬತ್ತಾರೆ, ಅಲ್ಲಿಗಂಟ ಬೇರೆ ಯಾವ ಬೆಟ್ಟನೂ ತುಳಿಯಲ್ಲ ಅಂತ ಕಟ್ಟಿವ್ನಿ. ಬ್ಯಾಸರ ಮಾಡ್ಕಬ್ಯಾಡ, ನಿಮ್ಮಿಬ್ರನ್ನೇ ಕಳಿಸಕಿಲ್ಲ. ನಾವೆಲ್ಲಾ ಬತ್ತೀವಿ."

ಈ ಕಾಲು ಬೇಗ ವಾಸಿಯಾಗದಿರಲಿ ದೇವರೇ, ಎಂದು ಗುರುಪಾದಸ್ವಾಮಿ ಎರಡೂ ಕೈ ಜೋಡಿಸಲು ಹೋದ. ಅದೂ ಹರಕೆಯಾಗಿಬಿಟ್ಟರೆ ಎಂದು ಹೆದರಿ, ಆ ಕೈಗಳನ್ನು ಹಾಗೇ ಕಂಬಳಿಯೊಳಕ್ಕೆ ಎಳೆದುಕೊಂಡ.