ಬೀಗದಂಗಡಿಯವಳಿಂದ ಆಲ್ಗರಿದಮ್ ಮಹಾಶಯರಿಗೆ

ಮಾನ್ಯರೇ,

ಜಾಲತಾಣದಲ್ಲಿ ಯಾರಿಗೆ ಏನು ಕಾಣಬೇಕೆಂದು ಒಳಗೆ ಕುಳಿತು ತೀರ್ಮಾನಿಸುವ, ಹೆಸರು ಕೇಳದವರಿಲ್ಲ, ಮುಖ ನೋಡಿದವರಿಲ್ಲ ಎಂಬ ಖ್ಯಾತಿಯ ತಮ್ಮ ಸನ್ನಿಧಾನಕ್ಕೆ, ಮೂರು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ಗಚ್ಚು ತಾಗುವ ಗೂಡಿನಲ್ಲಿ ಕುಳಿತು ಬೀಗ ರಿಪೇರಿ ಮಾಡುವ, ಬೀಗದ ಕೈ ಕತ್ತರಿಸಿ ಕೊಡುವ ಹೆಣ್ಣುಮಗಳೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗೆ. ಅಷ್ಟುದ್ದ ಮೈ ಚಾಚುವ ಜಾಗ ನನ್ನ ಅಂಗಡಿಯಲ್ಲಿಲ್ಲ. ತಾವು ಕ್ಷೇಮವಾಗಿರುವುದು ನನ್ನ ನಾದಿನಿಯ ಮುಖ ನೋಡಿದರೇ ಗೊತ್ತಾಗುತ್ತದೆ, ಏಕೆಂದರೆ ತಮ್ಮ ಜಾಲತಾಣ ಕೆಟ್ಟು ನಿಂತ ದಿನ ಅವಳು ಊಟವನ್ನೂ ಸರಿಯಾಗಿ ಮಾಡುವುದಿಲ್ಲ.

ನನ್ನನ್ನು ತಮ್ಮ ಪಾದಕ್ಕೆ ತಂದು ಹಾಕಿದವಳೂ ಅವಳೇ, ಅಂದರೆ ನಮ್ಮೆಜಮಾನರ ತಂಗಿ. ಅವಳದು ಬ್ಯೂಟಿ ಪಾರ್ಲರು. ಕೂದಲು ಕತ್ತರಿಸುವ ಮುಂಚೆ ಒಂದು ಫೋಟೋ, ಕತ್ತರಿಸಿದ ಮೇಲೆ ಒಂದು ಫೋಟೋ ಹಾಕಿದರೆ ಸಾಕು, ಊರಿನ ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನೋಡುವಂತೆ ತಾವು ಏರ್ಪಾಡು ಮಾಡಿಕೊಟ್ಟಿದ್ದರಿಂದ, ಮೊದಲು ನೊಣ ಹೊಡೆಯುತ್ತಿದ್ದ ಅವಳ ಅಂಗಡಿಯಲ್ಲಿ ಈಗ ಕೂರಲು ಕುರ್ಚಿ ಸಾಲದು. ಇದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಬರೆಯುತ್ತಿದ್ದೇನೆ, ಇದ್ದರೂ ಸ್ವಲ್ಪವೇ. ಆ ಉತ್ಸಾಹದಲ್ಲಿ ಅವಳು ಒಂದು ಮಧ್ಯಾಹ್ನ ನನ್ನ ಗೂಡಿಗೆ ಬಗ್ಗಿ ಬಂದು, "ಅತ್ತಿಗೇ, ಈ ಕಾಲದಲ್ಲಿ ಕಾಣಿಸ್ಕೊಳ್ಳದೇ ಇರೋರು ಇಲ್ಲದೇ ಇದ್ದಂಗೇ ಲೆಕ್ಕ" ಎಂದು ನನ್ನ ಫೋನು ಕಿತ್ತುಕೊಂಡು, ನಾನು ಒಂದು ಬೀಗ ಬಿಚ್ಚಿ ಜೋಡಿಸುವಷ್ಟರಲ್ಲಿ ನನ್ನ ಹೆಸರಿನಲ್ಲೊಂದು ಪುಟ ತೆರೆದು, ಗುಟ್ಟಿನ ಪ್ರಶ್ನೆ ಅದೂ ಇದೂ ಎಂದು ತಾವು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಒತ್ತಿಬಿಟ್ಟಳು.

ಅಲ್ಲಿಂದ ನನ್ನ ಭಾಗ್ಯದ ದಿನಗಳು ಶುರುವಾದವು. ಬೀಗಕ್ಕೂ ಮುಂಚಿನ ಫೋಟೋ, ಆಮೇಲಿನ ಫೋಟೋ ತೆಗೆದೆವು. ಕೆಟ್ಟ ಬೀಗವೂ ರಿಪೇರಿಯಾದ ಬೀಗವೂ ಅವಳಿಜವಳಿಗಳಂತೆ ಕಂಡವು. ದಿನಾ ಏನಾದರೂ ಹಾಕಲೇಬೇಕು, ಹಾಕದಿದ್ದರೆ ತಮಗೆ ಸಿಟ್ಟು ಬರುತ್ತದೆ ಎಂದು ನಾದಿನಿ ಹೆದರಿಸಿದ್ದರಿಂದ, ನಮ್ಮೆಜಮಾನರು ಕೀಗೊಂಚಲು ಹಿಡಿದು ಹಾಡಿಗೆ ತಕ್ಕಂತೆ ಝಲ್ ಝಲ್ ಎನ್ನಿಸಿದ್ದೂ ಆಯಿತು. ಮದುವೆಯಾದಾಗಿನಿಂದ ನನ್ನ ಮಾತಿಗೆ ಒಮ್ಮೆಯೂ ಕುಣಿಯದ ಮನುಷ್ಯ ತಮ್ಮ ಮಾತಿಗೆ ಕುಣಿದರಲ್ಲ, ಅದೇ ತಮ್ಮ ಮಹಿಮೆ. ಆ ಕುಣಿತವನ್ನು ಸಮುದ್ರದಾಚೆಯ ಯಾವುದೋ ದೇಶದ ಮಹನೀಯರೊಬ್ಬರಿಗೆ ತಾವು ತೋರಿಸಿ, ಅವರಿಂದ ಒಂದು ಕೆಂಪು ಹೃದಯವನ್ನೂ ಕೊಡಿಸಿದಿರಿ. ಎದುರುಗಡೆ ಚಪ್ಪಲಿ ಹೊಲಿಯುವ ಅಣ್ಣನಿಗೆ ಮಾತ್ರ ಅದು ಇವತ್ತಿನವರೆಗೂ ಕಂಡಿಲ್ಲ. ಹತ್ತಿರದವರಿಗೆ ಹೇಗಿದ್ದರೂ ಗೊತ್ತಿರುತ್ತದೆ, ದೂರದವರು ಪಾಪ ಎಂಬ ತಮ್ಮ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ. ಆ ಮಹನೀಯರ ಮನೆಯ ಬಾಗಿಲು ಹಿಡಿದುಕೊಂಡರೆ ಯಾವ ಬಸ್ಸು ಹತ್ತಿ ಹೋಗಬೇಕೆಂದು ಮಾತ್ರ ದಯವಿಟ್ಟು ತಿಳಿಸತಕ್ಕದ್ದು.

ಇಲ್ಲೊಂದು ಸಣ್ಣ ತೊಡಕನ್ನು ತಮ್ಮ ಗಮನಕ್ಕೆ ತರಲೇಬೇಕು. ನನ್ನ ಗಿರಾಕಿ ಎಂದರೆ ಯಾರು? ಹಾಲಿನವನ ಕೂಗಿಗೆ ಹೊರಗೆ ಬಂದು, ಹಿಂದಿನಿಂದ ಬಾಗಿಲು ದಢಾರನೆ ಹಾಕಿಕೊಂಡು, ಒದ್ದೆ ತಲೆಗೆ ಸುತ್ತಿದ ಟವೆಲ್ಲಿನಲ್ಲೇ ಓಡಿ ಬರುವ ಗೃಹಸ್ಥರು. ಅವರ ಬೀಗದ ಕೈ ಒಳಗಿರುತ್ತದೆ, ಕನ್ನಡಕ ಒಳಗಿರುತ್ತದೆ, ಫೋನೂ ಒಳಗೇ ಇರುತ್ತದೆ. ನನ್ನ ಪುಟ ನೋಡಬೇಕಾದರೆ ಅವರು ಮೊದಲು ನನ್ನಿಂದಲೇ ಬಾಗಿಲು ತೆಗೆಸಬೇಕು, ತೆಗೆಸಿದ ಮೇಲೆ ನೋಡಬೇಕಾದ ಅಗತ್ಯವಿರುವುದಿಲ್ಲ. ಮುಚ್ಚಿದ ಬಾಗಿಲ ಮೇಲೆಯೇ ನನ್ನ ಪುಟ ಮೂಡುವಂತೆ ತಾವು ಮನಸ್ಸು ಮಾಡಿದರೆ ಆದೀತು, ಅಲ್ಲಿಯವರೆಗೆ ಹಾಲಿನವನೇ ನನ್ನ ಜಾಹೀರಾತು.

ಇಷ್ಟಾಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದೆ. ಆದದ್ದು ಬೇರೆ.

ನನಗೆ ಕೆಲಸ ಕಲಿಸಿದ್ದು ನಮ್ಮಪ್ಪ. "ಬೀಗದವರ ಕೈ ಓಡ್ಲಿ ಬಿಡ್ಲಿ, ಬಾಯಿಗೆ ಮಾತ್ರ ಚಿಲಕ ಇರ್ಬೇಕು ಮಗಳೇ" ಎನ್ನುತ್ತಿದ್ದರು. ಯಾರ ಮನೆಯ ಬೀಗ ಎಂಥದ್ದು, ಯಾರು ಯಾರಿಗೆ ತಿಳಿಯದಂತೆ ಇನ್ನೊಂದು ಕೀ ಮಾಡಿಸಿಕೊಂಡರು, ಇದೆಲ್ಲ ನಮ್ಮ ಹೊಟ್ಟೆಯಲ್ಲೇ ಇದ್ದು ನಮ್ಮ ಜೊತೆಗೇ ಹೋಗಬೇಕು. ಅಂಗಡಿಯ ಗೋಡೆಯಲ್ಲಿ ಒಂದು ಮೊಳೆ ಇದೆ, ಅದಕ್ಕೆ ಟೀಚರಮ್ಮನ ಮುಂಬಾಗಿಲ ಜೋಡಿ ಕೀ ತೂಗುತ್ತಿತ್ತು. ಟೀಚರಮ್ಮ ಎಂದರೆ ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರು, ಈಗ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾರೆ. ಪದೇ ಪದೇ ಬೀಗದ ಕೈ ಮರೆಯುವ ಅವರು, ಅಣ್ಣ ತಮ್ಮಂದಿರ ಮನೆಗಳಿದ್ದರೂ ಅಲ್ಲಿ ಕೊಡದೆ, "ನಿನ್ ಹತ್ರ ಇದ್ರೆ ನಂಗೆ ನಿದ್ದೆ ಬರುತ್ತೆ" ಎಂದು ನಮ್ಮಪ್ಪ ತೀರಿಕೊಂಡ ವರ್ಷ ತಾವಾಗಿಯೇ ತಂದು ಆ ಮೊಳೆಗೆ ಹಾಕಿದ್ದರು. ಹೆಂಗಸು ಬೀಗ ರಿಪೇರಿ ಮಾಡುತ್ತಾಳಾ ಎಂದು ಊರು ಮೂಗು ಮುರಿಯುತ್ತಿದ್ದ ಕಾಲವದು. ಆ ಕೀ ನೋಡಿಯೇ ಮಿಕ್ಕವರು ನನ್ನನ್ನು ನಂಬಿದರು.

ಈಚೆಗೆ ಟೀಚರಮ್ಮನ ಕೀ ಸವೆದಿತ್ತು, ಹೊಸದು ಕತ್ತರಿಸಿದೆ. ಮಹಾಶಯರೇ, ಅಂಥ ಕೀ ನಾನು ಹಿಂದೆಂದೂ ಕತ್ತರಿಸಿರಲಿಲ್ಲ, ಹಲ್ಲು ಹಲ್ಲೂ ಕೆತ್ತಿದಂತೆ ಬಂದಿತ್ತು. ನಾವು ಅಳತೆ ನೋಡಲು ಕೀಯನ್ನು ಚೌಕುಳಿ ಹಾಳೆಯ ಮೇಲೆ ಮಲಗಿಸುತ್ತೇವೆ. ಹಾಗೆ ಮಲಗಿಸಿದಾಗ ಅದು ಎಷ್ಟು ಚೆಂದ ಕಂಡಿತೆಂದರೆ, ಅವತ್ತು ತಮಗೆ ನೈವೇದ್ಯಕ್ಕೆ ಬೇರೇನೂ ಇರಲಿಲ್ಲವಾದ್ದರಿಂದ, ಹಾಳೆಯ ಗೆರೆಗಳ ಸಮೇತ ಫೋಟೋ ತೆಗೆದು, "ನನ್ನ ಗುರುಗಳ ಮನೆಯ ಮುಂಬಾಗಿಲಿಗೆ, ಪ್ರೀತಿಯಿಂದ" ಎಂದು ಬರೆದು ಹಾಕಿದೆ. ನಾದಿನಿ ಅದಕ್ಕೆ ಟೀಚರಮ್ಮನ ಹೆಸರನ್ನೂ ಬೀದಿಯನ್ನೂ ಅಂಟಿಸಿ ಪುಣ್ಯ ಕಟ್ಟಿಕೊಂಡಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಸೂಪರ್, ಸೂಪರ್ ಎಂದು ಹೆಬ್ಬೆರಳು ಎತ್ತಿದರು. ನಾನೂ ಉಬ್ಬಿದೆ.

ಆಗ ಬಂತು ಅರದಣ್ಣನ ಮಾತು. ಅರದಣ್ಣ ಎಂದರೆ ಸೇತುವೆಯಾಚೆಯ ಬೀಗದವರು, ಸದಾ ಕಿವಿಯ ಸಂದಿಯಲ್ಲೊಂದು ಕೀ ಉಜ್ಜುವ ಸಣ್ಣ ಅರ ಸಿಕ್ಕಿಸಿಕೊಂಡಿರುವುದರಿಂದ ಆ ಹೆಸರು. ನಮ್ಮಪ್ಪನಿಗೂ ಅವರಿಗೂ ಎಣ್ಣೆ ಸೀಗೆಕಾಯಿ, ಹಾಗಾಗಿ ನನಗೂ ಅವರಿಗೂ ಮಾತಿರಲಿಲ್ಲ. ಅವರು ಫೋಟೋದ ಕೆಳಗೆ ಬರೆದಿದ್ದರು: "ಕೆಲಸ ಚೆನ್ನಾಗಿದೆ ಮಗಾ. ಮೂರನೇ ಹಲ್ಲು ಒಂದು ಕೂದಲಷ್ಟು ಜಾಸ್ತಿ ಇಳಿದಿದೆ, ಬೀಗ ತಿರುಗೋವಾಗ ಸ್ವಲ್ಪ ಹಿಡಿಯುತ್ತೆ, ನೋಡ್ಕೋ."

ಹೌದು, ಹಿಡಿಯುತ್ತಿತ್ತು. ಆದರೆ ನನಗೆ ಹೊಳೆದದ್ದು ಬೇರೆ. ಸೇತುವೆಯಾಚೆ ಕುಳಿತವರು ಫೋಟೋ ನೋಡಿಯೇ ಹಲ್ಲಿನ ಆಳ ಹೇಳುತ್ತಾರೆಂದರೆ, ಆ ಫೋಟೋ ಇಟ್ಟುಕೊಂಡು ಕೀ ಕತ್ತರಿಸಲು ಯಾರಿಗೆ ಏನು ಕಷ್ಟ? ಅಳತೆಯ ಗೆರೆ ನಾನೇ ಕೊಟ್ಟಿದ್ದೆ, ವಿಳಾಸ ನಾದಿನಿ ಕೊಟ್ಟಿದ್ದಳು. ನನ್ನನ್ನು ನಂಬಿ ನಿದ್ದೆ ಮಾಡುವ ಹೆಂಗಸಿನ ಬಾಗಿಲನ್ನು ನಾನು ಕೈಯಾರೆ ತೆರೆದು ಬೀದಿಯಲ್ಲಿಟ್ಟಿದ್ದೆ.

ಅಳಿಸೋಣವೆಂದು ತಮ್ಮಲ್ಲಿಗೆ ಓಡಿ ಬಂದೆ, ತಾವು ಗುಟ್ಟಿನ ಪದ ಕೇಳಿದಿರಿ, ಗಾಬರಿಯಲ್ಲಿ ತಪ್ಪು ತಪ್ಪಾಗಿ ಒತ್ತಿದೆ, ತಾವು ಬಾಗಿಲು ಹಾಕಿಕೊಂಡು ಒಳಗಿನಿಂದ ಕೇಳಿದಿರಿ: ನೀವು ನೀವೇ ಎಂಬುದನ್ನು ಸಾಬೀತುಪಡಿಸಿ, ನಿಮ್ಮ ಅಚ್ಚುಮೆಚ್ಚಿನ ಶಿಕ್ಷಕರ ಹೆಸರೇನು? ಅಯ್ಯೋ, ಅಂಥ ಹೊತ್ತಿನಲ್ಲೂ ನನಗೆ ಸಮಾಧಾನವಾಯಿತು, ಇಷ್ಟು ಸುಲಭದ ಪ್ರಶ್ನೆ ಪರೀಕ್ಷೆಯಲ್ಲಿ ಕೂಡ ಬಂದಿರಲಿಲ್ಲ. ಟೀಚರಮ್ಮನ ಹೆಸರು ಒತ್ತಿದೆ. ತಪ್ಪು ಎಂದಿರಿ. ಇನಿಷಿಯಲ್ ಸೇರಿಸಿ ಒತ್ತಿದೆ. ತಪ್ಪು ಎಂದಿರಿ. ನಾದಿನಿಯನ್ನು ಕೇಳಿದರೆ, "ನಂಗ್ಯಾವ ಟೀಚರೂ ಇಷ್ಟ ಇರ್ಲಿಲ್ಲ ಅತ್ತಿಗೇ, ಏನೋ ಒಂದು ಒತ್ತಿದ್ದೆ, ಈಗ ನೆನಪಿಲ್ಲ" ಎಂದಳು. ಅಲ್ಲಿಗೆ ನನ್ನ ಅಂಗಡಿಯ ಪುಟಕ್ಕೆ ನಾನೇ ಹೊರಗಿನವಳಾದೆ.

ಮಾನ್ಯರೇ, ನಾನೂ ಬಾಗಿಲು ತೆಗೆಯುವ ಮುಂಚೆ ಗುರುತು ಕೇಳುತ್ತೇನೆ. ಅಕ್ಕಪಕ್ಕದ ಮನೆಯವರನ್ನು ಕರೆದು, "ಇವ್ರು ಈ ಮನೆಯವ್ರೇನಾ?" ಎಂದು ಕೇಳಿ, ಅವರು ಹೂಂ ಎಂದ ಮೇಲೆಯೇ ತಂತಿ ಹಾಕುವುದು. ತಾವೂ ನಮ್ಮ ಬೀದಿಗೆ ಒಂದು ಆಳು ಕಳಿಸಿದ್ದರೆ ಚಪ್ಪಲಿಯಣ್ಣನೇ ಹೂಂ ಎನ್ನುತ್ತಿದ್ದ. ಅದಾಗದಿದ್ದರೆ ತಮ್ಮ ಕಚೇರಿಯ ಬಾಗಿಲು ಎಲ್ಲಿದೆಯೆಂದಾದರೂ ಹೇಳಿ, ಚೀಲ ಹಿಡಿದುಕೊಂಡು ನಾನೇ ಬಂದು ತೆಗೆದುಕೊಳ್ಳುತ್ತೇನೆ, ಕೂಲಿ ಬೇಡ.

ಬೇರೆ ದಾರಿಯಿಲ್ಲದೆ ಟೀಚರಮ್ಮನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಲೆಕ್ಕ ಸರಿಯಾಗಿ ಮಾಡಿ ಪಕ್ಕದವಳಿಗೆ ತೋರಿಸ್ತಿದ್ದೆ, ಆಗ್ಲೂ ಹಾಗೇ ನೀನು" ಎಂದಷ್ಟೇ ಹೇಳಿ, ನನ್ನ ಜೊತೆ ಅಂಗಡಿಯವರೆಗೂ ನಡೆದು ಬಂದು, ಮೊಳೆಯಿಂದ ಜೋಡಿ ಕೀ ತೆಗೆದು ಪರ್ಸಿಗೆ ಹಾಕಿಕೊಂಡು ಹೋದರು. ಖಾಲಿ ಮೊಳೆ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಕೆಳಗೆ ಕುಳಿತು ಅತ್ತುಬಿಟ್ಟೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಬೀಗ ಬದಲಿಸಲೇಬೇಕಿತ್ತು. ಅವರ ಬಾಗಿಲಿನದು ಹಳೇ ಕಾಲದ ಬೀಗ, ಅದಕ್ಕೆ ಹೊಂದುವ ಒಳಗಿನ ಸಾಮಾನು ನನ್ನಲ್ಲಿರಲಿಲ್ಲ. ಇರಬಹುದಾದದ್ದು ಒಬ್ಬರ ಹತ್ತಿರ. ನಾಚಿಕೆ ನುಂಗಿಕೊಂಡು ಸೇತುವೆ ದಾಟಿದೆ. ಅರದಣ್ಣ ಹಳೇ ಡಬ್ಬಿ ತಡಕಾಡಿ ಸಾಮಾನು ತೆಗೆದು, ತಾವೂ ಎದ್ದು ಬಂದರು. ಇಬ್ಬರೂ ಟೀಚರಮ್ಮನ ಹೊಸ್ತಿಲಲ್ಲಿ ಕುಳಿತು, ಒಬ್ಬರು ಹಿಡಿದು ಒಬ್ಬರು ಉಜ್ಜಿ, ಸಂಜೆಯೊಳಗೆ ಒಳಗಿನದೆಲ್ಲ ಬದಲಿಸಿ ಹೊಸ ಬೀಗವನ್ನೇ ಮಾಡಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದೆಂಬ ಭಯಕ್ಕೆ ನಾನು ಅವಸರ ಅವಸರವಾಗಿ ತಿರುಪು ಬಿಗಿಯುತ್ತಿದ್ದರೆ ಅವರು, "ನಾನೂ ಆ ಜಾಲದಲ್ಲಿ ಇದ್ದೀನಮ್ಮ, ಒಂದು ಗಿರಾಕೀನೂ ಬಂದಿಲ್ಲ. ನಿಮ್ಮಪ್ಪನ ಕೈ ನಿಂಗೆ ಬಂದಿದ್ಯಾ ಅಂತ ನೋಡೋಕ್ಕೇ ಅಂತ ಇದ್ದೆ" ಎಂದರು. ಬಂದಿದೆಯೇ ಎಂದು ಕೇಳಿದೆ. "ಮೂರನೇ ಹಲ್ಲು ಬಿಟ್ಟು" ಎಂದರು.

ಸಣ್ಣ ವ್ಯಾಪಾರದವರಿಗೆ ತಮ್ಮಿಂದ ಲಾಭವೇ ಎಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುವವಳಲ್ಲ. ತೋರಿಸಿ ಬದುಕುವವರಿಗೆ, ನನ್ನ ನಾದಿನಿಯಂಥವರಿಗೆ, ತಾವು ಕಾಮಧೇನು. ಮುಚ್ಚಿಟ್ಟು ಬದುಕುವ ನಮ್ಮಂಥವರು ಮಾತ್ರ ತಮ್ಮ ಕೊಟ್ಟಿಗೆಗೆ ಬರುವಾಗ ಒದೆ ತಪ್ಪಿಸಿಕೊಂಡು ಬರಬೇಕು. ಆದರೂ ಸೇತುವೆಯಾಚೆಯ ಒಬ್ಬ ಮನುಷ್ಯನನ್ನು ನನಗೆ ಕೊಟ್ಟಿರಿ. ಈಗ ಅವರು ಆಚೆಯ ಕೆಲಸ ನನಗೆ ಹೇಳುತ್ತಾರೆ, ಈಚೆಯದು ನಾನು ಅವರಿಗೆ. ಅಷ್ಟಕ್ಕೆ ತಮಗೆ ನಾನು ಋಣಿ.

ಮೊನ್ನೆ ಟೀಚರಮ್ಮ ಅಂಗಡಿಗೆ ಬಂದರು, ಹೊಸ ಬೀಗ ಹಿಡಿಯುತ್ತದೆಂದು ದೂರಲು ಬಂದರೇನೋ ಎಂದು ಎದ್ದು ನಿಂತೆ, ತಲೆಗೆ ಗಚ್ಚು ಬಡಿಯಿತು. ಅವರು ಪರ್ಸು ತೆಗೆದು, ಹೊಸ ಜೋಡಿ ಕೀಯನ್ನು ಮೊಳೆಗೆ ಹಾಕಿ, ಅದರ ಮೇಲೆ ತಮ್ಮ ಕರ್ಚೀಫು ಮುಚ್ಚಿ, "ಇದರದ್ದೂ ಫೋಟೋ ತೆಗೀಬೇಡ" ಎಂದು ನಕ್ಕು ಹೋದರು. ಆ ಕರ್ಚೀಫು ಅಲ್ಲೇ ಇದೆ, ನಾನು ಮುಟ್ಟಿಲ್ಲ.

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಬೀಗದವಳು

ಮರೆತ ಮಾತು: ಆ ಹಳೇ ಕೀಯ ಫೋಟೋವನ್ನು ತಾವಿನ್ನೂ ಊರೂರಿಗೆ ತೋರಿಸುತ್ತಿದ್ದೀರಂತೆ, ನನ್ನ ಪುಟದಲ್ಲಿ ಅಷ್ಟು ಮೆಚ್ಚುಗೆ ಬೇರಾವುದಕ್ಕೂ ಬಂದಿಲ್ಲವಂತೆ. ಧಾರಾಳವಾಗಿ ತೋರಿಸಿ, ಈಗ ಅದು ಯಾವ ಬಾಗಿಲನ್ನೂ ತೆಗೆಯುವುದಿಲ್ಲ. ತಮ್ಮ ಮನೆಯ ಬಾಗಿಲೇನಾದರೂ ಹಾಕಿಕೊಂಡು ತಾವು ಟವೆಲ್ಲಿನಲ್ಲಿ ಹೊರಗುಳಿದರೆ ಸಂಕೋಚವಿಲ್ಲದೆ ನನ್ನಲ್ಲಿಗೆ ಬನ್ನಿ. ತಾವು ತಾವೇ ಎಂಬುದಕ್ಕೆ ತಮ್ಮ ಅಚ್ಚುಮೆಚ್ಚಿನ ಶಿಕ್ಷಕರ ಹೆಸರೊಂದು ಹೇಳಿದರೆ ಸಾಕು, ತೆಗೆದುಕೊಡುತ್ತೇನೆ.