ಬಲೂನು ಮುಚ್ಚಿ ಓದುವ ಮಾವ

ನನ್ನ ಸೋದರಮಾವನ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ತಲೆಕೆಳಗು ಮಾಡುತ್ತಾನೆ. ಮದುವೆಯ ಕರೆಯೋಲೆಯಾಗಲಿ, ಕ್ಯಾಲೆಂಡರಾಗಲಿ, ಆಧಾರ್ ಕಾರ್ಡೇ ಆಗಲಿ! ತಲೆಕೆಳಗಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, "ಊಂ, ಎಡಕ್ಕೆ ಭಾರ ಜಾಸ್ತಿ ಆಗ್ಯದೆ" ಎಂದು ತೀರ್ಪು ಕೊಟ್ಟ ಮೇಲೆಯೇ ನೆಟ್ಟಗೆ ಹಿಡಿಯುವುದು. ಇಂಥವನು ನನ್ನ ಕಾಮಿಕ್ಸ್ ಗುರು ಎಂದರೆ ನಂಬುತ್ತೀರಾ? ನಾನೇ ಬಹಳ ದಿನ ನಂಬಿರಲಿಲ್ಲ. (ಮಾವನನ್ನು ಏಕವಚನದಲ್ಲಿ ಕರೆದದ್ದಕ್ಕೆ ಹುಬ್ಬೇರಿಸಬೇಡಿ. ಬಹುವಚನ ಹಚ್ಚಿದರೆ "ಯಾಕವ್ವ, ಮುನಿಸ್ಕಂಡಿದ್ದೀಯಾ?" ಎಂದು ಕೇಳುವ ಜಾತಿ ಅವನದು.)

ನಾನು ನಾಗಮಂಗಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ವಯಸ್ಸು ಮೂವತ್ತಾರು. ಟೀವಿಯ ಕಾರ್ಟೂನೊಂದರಲ್ಲಿ ಬರುತ್ತಿದ್ದ ಕತ್ತಿ ಹಿಡಿದ ಹುಡುಗಿಯ ಮೇಲೆ ನನಗೆ ಹುಚ್ಚು ಅಭಿಮಾನ. ಕಾರ್ಟೂನು ಮುಗಿಯಿತು, ಅಭಿಮಾನ ಮುಗಿಯಲಿಲ್ಲ. ಅವಳ ಮುಂದಿನ ಕತೆಯನ್ನು ನಾನೇ ಬರೆಯಬೇಕು, ಚಿತ್ರವೂ ನಾನೇ ಬಿಡಿಸಬೇಕು ಎಂದು ಇಪ್ಪತ್ತು ವರ್ಷದಿಂದ ಆಸೆ. ಇದಕ್ಕೆ ಫ್ಯಾನ್ ಕಾಮಿಕ್ಸ್ ಎನ್ನುತ್ತಾರಂತೆ. ಹನ್ನೆರಡು ರಾಜ್ಯ, ಏಳು ಯುದ್ಧ, ಇನ್ನೂರು ಪುಟ ಎಂದು ಲೆಕ್ಕ ಹಾಕಿದ್ದೆ. ಕೈಯಲ್ಲಿದ್ದದ್ದು ಮಾತ್ರ ನಲವತ್ತೊಂದು ಮೊದಲನೆಯ ಪುಟಗಳು! ಎರಡನೆಯ ಪುಟ ಒಂದೂ ಇಲ್ಲ. ಮೂಗು ಸರಿಬರಲಿಲ್ಲ ಎಂದು ಅಳಿಸುವುದು, ಅಳಿಸಿ ಅಳಿಸಿ ಕಾಗದ ತೂತು ಮಾಡುವುದು, ಹೊಸ ಹಾಳೆ ತೆಗೆಯುವುದು. ನನ್ನ ಗಂಡ ನಗುತ್ತಿದ್ದ. ಈ ಜನ್ಮದಲ್ಲಿ ಒಂದಾದರೂ ಕತೆ ಮುಗಿಸುತ್ತೇನೆಯೇ ಎನ್ನುವುದು ನನಗೆ ಮಾತ್ರ ನಿಜವಾದ ಸಂಕಟವಾಗಿತ್ತು.

ಮಾವನಿಗೆ ಶೀಳನೆರೆಯಲ್ಲಿ, ವೆಲ್ಡಿಂಗ್ ಶಾಪಿನ ಪಕ್ಕ ಒಂದು ಶೆಡ್ಡಿದೆ. ಟ್ರಾಕ್ಟರ್ ಟ್ರೇಲರುಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವುದು ಅವನ ಕಸುಬು. ಅವನ ಅಕ್ಷರ ನೋಡುತ್ತಾ ಹಿಂದೆ ಬರುವವರು ಓವರ್‌ಟೇಕ್ ಮಾಡುವುದನ್ನೇ ಮರೆಯುತ್ತಾರೆ. ಒಮ್ಮೆ ಪಾಲಹಳ್ಳಿಯ ಯಜಮಾನರೊಬ್ಬರು ಮನೆದೇವರ ಹೆಸರು ಬರೆಸಲು ಬಂದವರು, ಮಾವ ಊಟಕ್ಕೆ ಹೋಗಿದ್ದನೆಂದು ಟ್ರೇಲರು ನಿಲ್ಲಿಸಿ ಚೀಟಿ ಇಟ್ಟುಹೋದರು. ದೇವರ ಹೆಸರಿನ ಕೆಳಗೆ "ಹಸಿರು ಬಣ್ಣದಲ್ಲಿ ಬರೆಯುವುದು, ಸೋಮವಾರ ಬೇಕು" ಎಂದೂ ಬರೆದಿದ್ದರು. ಸೋಮವಾರ ಬಂದು ನೋಡಿದರೆ, ಟ್ರೇಲರಿನ ಹಿಂಬದಿಯ ಹಲಗೆಯ ಮೇಲೆ ದೇವರ ಹೆಸರು, ಅದರ ಕೆಳಗೆ ಅಷ್ಟೇ ಮುದ್ದಾಗಿ, ಅಕ್ಷರಗಳಿಗೆ ನೆರಳು ಕೊಟ್ಟು, "ಹಸಿರು ಬಣ್ಣದಲ್ಲಿ ಬರೆಯುವುದು, ಸೋಮವಾರ ಬೇಕು." ಅದೂ ಕೆಂಪು ಬಣ್ಣದಲ್ಲಿ!

"ಏನಯ್ಯ ಇದು?" ಎಂದು ಯಜಮಾನರು ಕೂಗಾಡಿದರು.

"ನಿಮ್ ಚೀಟೀಲಿರೋದ್ರಲ್ಲಿ ಒಂದ್ ಚುಕ್ಕಿ ಬುಟ್ಟಿಲ್ಲ ಕಣಣ್ಣ, ಬೇಕಾದ್ರೆ ಪಕ್ಕಕ್ಕಿಟ್ಕಂಡ್ ನೋಡ್ಕಳಿ" ಎಂದ ಮಾವ.

ಮಾವನ ಚೇಷ್ಟೆ ಎಂದು ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಕೊನೆಗೆ ಯಜಮಾನರೂ ನಕ್ಕರು, ಆ ಟ್ರೇಲರು ಈಗಲೂ ಹಾಗೆಯೇ ಓಡಾಡುತ್ತಿದೆ.

ಒಂದು ಭಾನುವಾರ ಧೈರ್ಯ ಮಾಡಿ ನನ್ನ ನಲವತ್ತೊಂದು ಪುಟಗಳನ್ನು ಮಾವನ ಮುಂದಿಟ್ಟೆ. ಎಲ್ಲವನ್ನೂ ತಲೆಕೆಳಗು ಮಾಡಿ ನೋಡಿದ.

"ಈವಮ್ಮ ಎಲ್ಲಿಗೋಗ್ಬೇಕು?"

"ಹನ್ನೆರಡು ರಾಜ್ಯ ಗೆಲ್ಬೇಕು ಮಾವ."

"ಮೊದ್ಲು ಬಸ್ ಅತ್ಲಿ ಬುಡು. ಎಂಟೇ ಎಂಟು ಮನೆ ಬರ್ಕಂಡ್ ಬಾ. ಮುಗಿಸ್ಕಂಡ್ ಬಾ."

ಕಾಮಿಕ್ಸಿನ ಚೌಕಗಳಿಗೆ ಅವನು ‘ಮನೆ’ ಎನ್ನುತ್ತಾನೆ, ಚೌಕಾಬಾರದ ಮನೆಗಳ ಹಾಗೆ. ಅಷ್ಟು ಹೇಳಿ ನನ್ನ ರಬ್ಬರನ್ನು ಕಿತ್ತುಕೊಂಡು, ಅಲ್ಲಾಡುತ್ತಿದ್ದ ಸ್ಟೂಲಿನ ಕಾಲಡಿ ತುರುಕಿದ. "ಗೀಚಿದ್ದು ಗೀಚಿದ್ದೆಯ. ಈ ಮನೇಲಿ ತಪ್ಪಿದ್ರೆ ಮುಂದಿನ್ ಮನೇಲಿ ಸರಿ ಮಾಡು." ಹೊಸದಾಗಿ ಕಾಮಿಕ್ಸ್ ಬರೆಯಲು ಹೊರಟಿರುವ ನನ್ನಂಥ ಅಭಿಮಾನಿಗಳೇ, ಇದಕ್ಕಿಂತ ದೊಡ್ಡ ಉಪದೇಶ ನನಗೆ ಇಂಟರ್ನೆಟ್ಟಿನಲ್ಲೂ ಸಿಗಲಿಲ್ಲ. ಆ ರಬ್ಬರು ಇವತ್ತಿಗೂ ಸ್ಟೂಲಿನಡಿಯೇ ಇದೆ.

ಮುಂದಿನ ವಾರ ಎಂಟು ಮನೆ ಒಯ್ದೆ. ನನ್ನ ಕತ್ತಿ ಹುಡುಗಿ ಶ್ರೀರಂಗಪಟ್ಟಣದಲ್ಲಿ ರೈಲಿಳಿದು ನಾಗಮಂಗಲದ ಬಸ್ಸು ಹತ್ತಿದ್ದಳು. ಮಾವ ಮಾತಿನ ಬಲೂನುಗಳ ಮೇಲೆ ಬೆರಳಿಟ್ಟ. ನಾನು ಮೊದಲು ಬಲೂನು ಬರೆದು ಆಮೇಲೆ ಒಳಗೆ ಮಾತು ತುಂಬಿದ್ದೆ. ಅಕ್ಷರಗಳು ಸಂತೆಯ ದಿನದ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. "ಅಕ್ಸರ ಮೊದ್ಲು ಬರಿ, ಸುತ್ತ ಗೆರೆ ಆಮೇಲ್ ಎಳಿ. ಉಸ್ರಾಡಕ್ ಜಾಗ ಬುಡು" ಎಂದ. ಆಮೇಲೆ ಬಲೂನುಗಳನ್ನೆಲ್ಲ ತನ್ನ ಬಣ್ಣದ ಅಂಗೈಯಿಂದ ಮುಚ್ಚಿ, ಮನೆಯಿಂದ ಮನೆಗೆ ಕಣ್ಣು ಓಡಿಸಿ, ಐದನೆಯದರಲ್ಲಿ ನಿಂತ. "ಇಲ್ಲಿ ಕತೆ ತಿಳೀಲಿಲ್ಲ ಕಣವ್ವ. ಮಾತ್ ಮುಚ್ಚಿದ್ರೂ ತಿಳೀಬೇಕು." ಎಂಥ ಕಟ್ಟುನಿಟ್ಟಿನ ಪರೀಕ್ಷೆ ಎಂದುಕೊಂಡೆ!

ಅಷ್ಟಕ್ಕೇ ಬಿಟ್ಟನೇ? ತನ್ನ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ಮಾಕವಳ್ಳಿ ಕಡೆ ಹೊರಟ. ಅಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ತಂದ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರುಗಳಿಗೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇದಕ್ಕಿಂತ ಒಳ್ಳೆಯ ಓದುಗರು ಎಲ್ಲಿ ಸಿಗುತ್ತಾರೆ? ಮಾವ ಮೊದಲನೆಯವನ ಕೈಗೆ ಹಾಳೆ ಕೊಟ್ಟು, "ಜೋರಾಗ್ ಓದ್ಲಾ, ನಂಗೂ ಕೇಳ್ಬೇಕು" ಎಂದ.

ಡ್ರೈವರು ಓದಿ ಮುಗಿಸಿ ತಲೆ ಕೆರೆದುಕೊಂಡ. "ಅಲ್ಲಾ ಕಣಣ್ಣ, ಎಂಟ್ ಚಿತ್ರದಲ್ಲೂ ಈವಮ್ಮ ಯಾಕೆ ಕೈ ಇಂದಕ್ ಕಟ್ಕಂಡವ್ಳೆ? ಪೋಲೀಸ್ನೋರು ಇಡ್ಕಂಡವ್ರಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೈಬೆರಳು ಬರೆಯಲು ಬಾರದೆ ಎಲ್ಲ ಕಡೆ ಬೆನ್ನ ಹಿಂದೆ ಬಚ್ಚಿಟ್ಟಿದ್ದೆ. ಕತ್ತಿ ಹಿಡಿಯಬೇಕಾದವಳಿಗೆ ಕೈಯೇ ಇಲ್ಲ! ಆಮೇಲೆ ಒಂದು ತಿಂಗಳು ಅಂಗಡಿಗೆ ಬಂದವರ ಕೈಗಳನ್ನೇ ನೋಡಿ ನೋಡಿ ಬರೆದೆ. ಮುಖ ನೋಡದೆ ಕೈ ನೋಡುತ್ತಾಳೆ ಎಂದು ಗಿರಾಕಿಗಳು ಉಂಗುರ ತಿರುಗಿಸಿಕೊಳ್ಳತೊಡಗಿದರು.

ಕೊನೆಯ ಪಾಠ ನಾನು ಕೇಳದೆಯೇ ಬಂತು. "ಈ ಉಡ್ಗಿ ನೀನ್ ಉಟ್ಸಿದ್ದಲ್ಲ ಅಲ್ವಾ? ಗಾಡಿ ಯಾರ್ದೋ ಅವ್ರೆಸ್ರು ಬರೀಬೇಕು. ನಾನು ಬಣ್ಣ ಒಡ್ದೆ ಅಂತ ಟ್ರೇಲರು ನಂದಾಯ್ತದಾ? ನನ್ನೆಸ್ರು ಮೂಲೇಲಿ, ಚಿಕ್ದಾಗಿ." ಹೌದು, ಮಾವನ ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಅವನ ಹೆಸರಿರುತ್ತದೆ.

ಎಂಟು ಮನೆ ಬೆಳೆದು ಎಂಟು ಪುಟವಾಯಿತು. ಬಸ್ಸಿನಲ್ಲಿ ಕಂಡಕ್ಟರು ಕತ್ತಿಗೆ ಲಗೇಜ್ ಟಿಕೆಟ್ ಕೇಳುತ್ತಾನೆ. ಜಗಳವಾಗುತ್ತದೆ. ಅವಳು ಪಾಂಡವಪುರದಲ್ಲೇ ಇಳಿದು, ಸಿಟ್ಟಿಗೆ ಯುದ್ಧ ಮಾಡಲು ಯಾರೂ ಸಿಗದೆ, ಒಂದು ಗದ್ದೆಯ ಕಬ್ಬು ಕಡಿದುಕೊಟ್ಟು, ಟ್ರಾಕ್ಟರಿನ ಮೇಲೆ ಕೂತು ಜಲ್ಲೆ ಅಗಿಯುತ್ತಾಳೆ. ಮುಗಿಯಿತು! ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ‘ಮುಗಿಯಿತು’ ಎಂದು ಬರೆದಾಗ ನಾನು ಜೆರಾಕ್ಸ್ ಮಿಷನ್ನಿನ ಮುಂದೆ ನಿಂತು ಅತ್ತುಬಿಟ್ಟೆ.

ಬಿಸಿಬಿಸಿ ಪ್ರತಿಯೊಂದನ್ನು ಹಿಡಿದು ಶೀಳನೆರೆಗೆ ಓಡಿದೆ. ಮಾವ ರಕ್ಷಾಪುಟ ತಿರುಗಿಸಿ, ಎಂದಿನಂತೆ ಬಲೂನುಗಳಿಗೆ ಅಂಗೈ ಅಡ್ಡ ಇಟ್ಟುಕೊಂಡೇ ಪುಟ ನೋಡುತ್ತಾ ಹೋದ. ನಗಬೇಕಾದಲ್ಲಿ ನಕ್ಕ. ಜಗಳದಲ್ಲಿ ಹಲ್ಲು ಕಚ್ಚಿದ. ಕಡೆಯ ಮನೆಯಲ್ಲಿ ತಾನೂ ಜಲ್ಲೆ ಅಗಿಯುವವನ ಹಾಗೆ ದವಡೆ ಆಡಿಸಿದ.

"ಇನ್ನಾದ್ರೂ ಕೈ ತೆಗಿ ಮಾವ. ಕಂಡಕ್ಟರ್ ಬೈಯೋದು ಓದು, ಅದೇ ತಮಾಷೆ."

"ನಂಗೆಲ್ಲವ್ವ ಓದಕ್ ಬತ್ತದೆ? ನಾನು ಇಸ್ಕೂಲ್ಗೋಗಿದ್ರಲ್ವಾ. ನೀನೇ ಓದ್ ಏಳು."

ಟೀ ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಪಾಲಹಳ್ಳಿಯ ಆ ಚೀಟಿ ಚೇಷ್ಟೆಯಲ್ಲ. ಬಲೂನು ಮುಚ್ಚಿದ್ದು ಪರೀಕ್ಷೆಯಲ್ಲ. ಡ್ರೈವರು ಜೋರಾಗಿ ಓದಬೇಕಾಗಿದ್ದದ್ದು ಮಾವನಿಗಾಗಿ. ಇಡೀ ತಾಲ್ಲೂಕಿಗೆ ಅಕ್ಷರ ಬರೆದುಕೊಟ್ಟವನು ಪ್ರತಿ ಅಕ್ಷರವನ್ನೂ ಚಿತ್ರವೆಂದೇ ಬರೆದಿದ್ದ. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಜೊತೆಗೇ ಹೇಳಲಾರದಷ್ಟು ಸಂತೋಷವೂ ಆಯಿತು: ಒಂದು ಮಾತನ್ನೂ ಓದದೆ ನನ್ನ ಕತೆಗೆ ಅವನು ಸರಿಯಾದ ಜಾಗದಲ್ಲಿ ನಕ್ಕಿದ್ದನಲ್ಲ!

ಮಾತುಗಳನ್ನೆಲ್ಲ ಓದಿ ಹೇಳಿದೆ. ಕೇಳಿ ಮುಗಿಸಿ, ಪುಸ್ತಕ ಮುಚ್ಚಿದವನ ಬೆರಳು ರಕ್ಷಾಪುಟದ ಮೇಲೆ ನಿಂತಿತು. ಅಲ್ಲಿ ಮೇಲೆ ಕತ್ತಿ ಹುಡುಗಿಯನ್ನು ಹುಟ್ಟಿಸಿದವರ ಹೆಸರಿತ್ತು. ಬಲಮೂಲೆಯಲ್ಲಿ, ಚಿಕ್ಕದಾಗಿ, ಎರಡು ಹೆಸರು.

"ಇದು ನಂದು" ಎಂದ ಮಾವ. "ಇದೊಂದ್ ಗೊತ್ತು ನಂಗೆ. ಇಲ್ಯಾಕ್ ಬರ್ದೆ?"

"ಬಣ್ಣ ಹೊಡೆದೋರ ಹೆಸರು ಮೂಲೇಲಿ ಅಂದೋನು ನೀನೇ ಅಲ್ವಾ?"

ಅವನು ಪುಸ್ತಕವನ್ನು ತಲೆಕೆಳಗು ಮಾಡಿದ. ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. "ಭಾರ ಸರಿಯಾಗ್ ಕುಂತದೆ ಕಣವ್ವ" ಎಂದ.

ಈಗ ಎರಡನೆಯ ಕತೆ ಬರೆಯುತ್ತಿದ್ದೇನೆ. ಅದರಲ್ಲಿ ಒಂದೂ ಬಲೂನು ಇಲ್ಲ.