ಮಾವನ ಎರಡು ನಿಮಿಷ

ಸೀನು ಬಂದರೂ ನನ್ನ ಸೋದರಮಾವ ವೇಳಾಪಟ್ಟಿ ನೋಡಿಯೇ ಸೀನುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಅತ್ತೆಯಂತೂ ನಂಬಿದ್ದರು! ಐವತ್ತರ ದಶಕದಲ್ಲಿ ಐವರ್ನಾಡಿನ ಹತ್ತಿರದ ಒಂದು ಶಾಲೆಗೆ ಮಾವ ಹೆಡ್‌ಮಾಸ್ತರರು. ನಾನು ಅವರ ಮನೆಯಲ್ಲೇ ಇದ್ದು ಅದೇ ಶಾಲೆಯಲ್ಲಿ ಓದುತ್ತಿದ್ದೆ.

ಬೆಳಿಗ್ಗೆ ಅವರು ಗಂಜಿ ಉಣ್ಣುವಾಗ ನಾವು ನಾಲ್ಕಾರು ಮಕ್ಕಳು ಜಗಲಿಯಲ್ಲಿ ನಿಂತು ಮಗ್ಗಿ ಒಪ್ಪಿಸಬೇಕು. ಬಾಯಿಗೆ ಗಂಜಿ, ಕಿವಿಗೆ ಮಗ್ಗಿ; ಹೊತ್ತು ಉಳಿಯಿತಲ್ಲ? ಹನ್ನೆರಡರ ಮಗ್ಗಿಗೆ ಸರಿಯಾಗಿ ಬಟ್ಟಲು ಖಾಲಿ. ಒಂದು ದಿನ ಅತ್ತೆ ಕುದಿಕುದಿ ಗಂಜಿ ಬಡಿಸಿಬಿಟ್ಟರು. ನಾವು ಹತ್ತೊಂಬತ್ತರ ಮಗ್ಗಿ ಕಲಿತದ್ದು ಆ ದಿನ!

ಆಫೀಸಿನಲ್ಲಿ ಎರಡನೇ ಕುರ್ಚಿ ಇರಲಿಲ್ಲ. ಕೂತವರು ಬೇಗ ಏಳುತ್ತಾರೆಯೇ? ಯಾರು ಬಂದರೂ ಜೇಬಿನ ಗಡಿಯಾರ ಮೇಜಿನ ಮೇಲೆ ಬರುತ್ತಿತ್ತು. ಒಮ್ಮೆ ನೆರೆಮನೆಯ ಗೌಡರು ಓಡುತ್ತಾ ಬಂದರು.

"ಎರಡು ನಿಮಿಷ ಉಂಟು. ಮಗನ ವಿಷಯ ಹೇಳಿ."

"ಮಗನದ್ದಲ್ಲ ಮಾಷ್ಟ್ರೇ, ದನದ್ದು."

"ದನ ನಮ್ಮ ಶಾಲೆಯಲ್ಲಿ ಉಂಟಾ?"

"ಇಲ್ಲ, ನಿಮ್ಮ ಬಸಳೆ ಚಪ್ಪರದಲ್ಲಿ ಉಂಟು."

ಮಾತು ಎರಡು ನಿಮಿಷದೊಳಗೇ ಮುಗಿಯಿತು. ಬಸಳೆಯೂ.

ಇಂಥವರ ಶಾಲೆಯಲ್ಲಿ ನಾನೊಬ್ಬಳು ಉಗ್ಗುವ ಹುಡುಗಿ. ಒಂದು ಸಾಲು ಓದಲು ನನಗೆ ಬೇಕಾದ ಹೊತ್ತಿನಲ್ಲಿ ಉಳಿದವರು ಪಾಠವನ್ನೇ ಮುಗಿಸುತ್ತಿದ್ದರು. ಪುತ್ತೂರಿನಿಂದ ಇನ್‌ಸ್ಪೆಕ್ಟರರು ಬಂದ ದಿನ ಮಾವ ನನ್ನನ್ನು ಓದಿಸದೆ ಬಿಟ್ಟುಬಿಡಲಿ ಎಂದು ದೇವರಿಗೆ ಕೈಮುಗಿದಿದ್ದೆ. ಮಾವ ನನ್ನ ಹೆಸರನ್ನೇ ಕರೆದರು!

ಎದ್ದು ನಿಂತೆ. ಮೊದಲ ಅಕ್ಷರವೇ ಗಂಟಲು ಬಿಟ್ಟು ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಇನ್‌ಸ್ಪೆಕ್ಟರರು ಕೈಗಡಿಯಾರ ನೋಡಿಕೊಂಡರು.

"ಬೇರೆ ಮಗು ಓದಲಿ. ನನಗೆ ಬಸ್ಸಿಗೆ ಹೊತ್ತಾಯಿತು."

ಮಾವ ಮೇಜಿನ ಮೇಲಿದ್ದ ತಮ್ಮ ಗಡಿಯಾರವನ್ನು ಮೆಲ್ಲನೆ ಕವುಚಿ ಇಟ್ಟರು.

"ಬಸ್ಸು ನಾಳೆಯೂ ಉಂಟು ಸರ್. ಅವಳದ್ದು ಮುಗಿಯಲಿ."

ಓದಿದೆ. ತಡವರಿಸಿದೆ, ಅತ್ತುಬಿಟ್ಟೆ, ಮತ್ತೆ ಓದಿದೆ, ಕೊನೆಯ ಸಾಲಿನವರೆಗೂ. ನಗು ಯಾವಾಗ ನಿಂತಿತೋ ಗೊತ್ತಿಲ್ಲ. ಬಸ್ಸು ಹೋಗಿಯೇ ಹೋಯಿತು. ಇನ್‌ಸ್ಪೆಕ್ಟರರು ನಮ್ಮ ಮನೆಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ನಮ್ಮ ಮಗ್ಗಿ ಕೇಳುತ್ತಾ ಗಂಜಿ ಉಂಡರು.

ಅವರನ್ನು ಬಸ್ಸು ಹತ್ತಿಸಿ ಬರುವಾಗ ನಾನು ಹೆದರುತ್ತಲೇ ಕೇಳಿದೆ.

"ನಿನ್ನೆ ನಾನು ಓದುದಕ್ಕೆ ಎಷ್ಟು ನಿಮಿಷ ಆಯ್ತು ಮಾವ?"

ಸೀನಿಗೂ ಲೆಕ್ಕ ಇಟ್ಟ ನನ್ನ ಮಾವ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ನಾನು ನೋಡ್ಲಿಲ್ಲ ಮಗಳೇ."